ದನಿ ಕೇಳಿದವರಿಗೆ ದನ

ಲಿನಕ್ಸ್ ಜಾಲತಾಣದ ಹುಡುಕಾಟದ ಪುಟ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನಗೆ ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಮೇಡಂ, ನೀವು ಯಾವ ಭಾಷೆಯಲ್ಲಿ ಕೆಲಸ ಮಾಡುತ್ತಿದ್ದಿರಿ? ಅವರು ಕೇಳುವುದು ಪ್ರೋಗ್ರಾಮಿನ ಭಾಷೆ. ನಾನು ಬೈಗುಳದ ಭಾಷೆ ಎನ್ನುತ್ತೇನೆ. ಅವರು ನಗುತ್ತಾರೆ. ಕೆಲಸಕ್ಕೆ ಸೇರಿ ಒಂದಷ್ಟು ದಿನ ಕಳೆದ ಮೇಲೆ ಮತ್ತೆ ಫೋನ್ ಮಾಡುತ್ತಾರಲ್ಲ, ಆಗ ನಗುವುದಿಲ್ಲ.

ನಾನು ಪ್ರೋಗ್ರಾಂ ಬರೆದವಳಲ್ಲ. ಊರು ತಮಿಳುನಾಡಿನ ಗಡಿಯ ಬೆಟ್ಟದ ಮೇಲಿನ ದೊಡ್ಡಗಾಜನೂರು. ಮನೆಯವರೆಲ್ಲ ಅರಿಸಿನ, ಕೋಸು ಬೆಳೆದುಕೊಂಡು ಇದ್ದಾಗ ನಾನೊಬ್ಬಳು ತಾಳವಾಡಿಗೆ ಹೋಗಿ ಟೈಪಿಂಗ್ ಕಲಿತೆ. ತಮಿಳೂ ಆಯಿತು, ಕನ್ನಡವೂ ಆಯಿತು. ಕೊಯಮತ್ತೂರಿನಲ್ಲಿ ಒಂದು ಸಂಸ್ಥೆ ಶಾಲೆಗಳಿಗೂ ಸಣ್ಣಪುಟ್ಟ ಕಚೇರಿಗಳಿಗೂ ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ಸಿದ್ಧಮಾಡಿ ಪುಕ್ಕಟೆ ಹಂಚುತ್ತಿತ್ತು. ಅದರ ಹೆಸರು ಇಲ್ಲಿ ಬೇಡ. ತಾಣದ ಪುಟಗಳನ್ನು ಕನ್ನಡದಲ್ಲಿ ಕೂಡ ಇಡಬೇಕು ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಕನ್ನಡ ಟೈಪು ಬರುವವಳು ಸಿಕ್ಕಿದಳು ಎಂದು ನನ್ನನ್ನು ತೆಗೆದುಕೊಂಡರು. ಪುಟಗಳನ್ನು ಕನ್ನಡಕ್ಕೆ ಮಾಡಿ ಮುಗಿಸಿದ ಮೇಲೆ ನನ್ನನ್ನು ಏನು ಮಾಡುವುದು ಎಂದು ತೋಚದೆ, ಜನ ಬರೆಯುವ ದೂರುಗಳನ್ನು ಓದುವುದಕ್ಕೆ ಕೂರಿಸಿದರು. ನಿವೃತ್ತಿಯವರೆಗೆ ಅಲ್ಲೇ ಕೂತಿದ್ದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಲಿನಕ್ಸಿನಲ್ಲಿ ಯಾವ ತಂತ್ರಾಂಶವೇ ಆಗಲಿ, ಪ್ಯಾಕೇಜು ಎಂಬ ಕಟ್ಟಾಗಿ ಬರುತ್ತದೆ. ಚಿತ್ರ ಬರೆಯಲು ಒಂದು ಕಟ್ಟು, ಹಾಡು ಕೇಳಲು ಒಂದು ಕಟ್ಟು. ಪ್ರತಿಯೊಂದರ ಬೆನ್ನಿಗೂ ಅದಕ್ಕೆ ಬೇಕಾದ ಬಿಡಿಭಾಗಗಳ ಚಿಕ್ಕ ಚಿಕ್ಕ ಕಟ್ಟುಗಳು. ಎಲ್ಲವೂ ನಮ್ಮ ತಾಣದಲ್ಲಿ ಇರುತ್ತಿದ್ದವು. ಪುಟದ ತಲೆಯ ಮೇಲೆ ಒಂದು ಖಾಲಿ ಚೌಕ. ಬೇಕಾದ್ದನ್ನು ಅಲ್ಲಿ ಬರೆದು ಒತ್ತಿದರೆ ಕೆಳಗೆ ಒಂದೊಂದೇ ಹೆಸರು ಬರುತ್ತದೆ. ಬರಬೇಕಾದ್ದು ಬರದೆ ಬರಬಾರದ್ದು ಬಂದಾಗ ಜನ ನಮಗೆ ಬರೆಯುತ್ತಿದ್ದರು. ನಾನು ಓದಿ, ಬೈಗುಳ ಸೋಸಿ, ಉಳಿದ ಸಾರವನ್ನು ಪಕ್ಕದ ಮೇಜಿನ ಸೆಲ್ವಿಗೆ ಹೇಳುತ್ತಿದ್ದೆ. ಪ್ರೋಗ್ರಾಂ ಬರೆಯುವವಳು ಅವಳು. ಕೆಲಸದಲ್ಲಿ ಬಿರುಸು, ಮಾತಿನಲ್ಲಿ ಇನ್ನೂ ಬಿರುಸು. ಸೋಸಿ ಕೊಟ್ಟದ್ದು ಅವಳಿಗೆ ಸಪ್ಪೆಯಾಗುತ್ತಿತ್ತು. ಅಕ್ಕ, ಬೈದಿದ್ದನ್ನೂ ಸೇರಿಸಿ ಹೇಳಿ, ಆಗಲೇ ನನಗೆ ಎಲ್ಲಿ ನೋವು ಅಂತ ಗೊತ್ತಾಗೋದು ಎನ್ನುತ್ತಿದ್ದಳು.

ಅವಳ ಮಾತು ನಿಜ. ನಾನು ಓದಿದ ಮೊದಲ ಒಳ್ಳೆಯ ದೂರು ಕೂಡ ಬೈಗುಳವೇ. ಒಬ್ಬರು ಚಿತ್ರ ಬರೆಯುವ ತಂತ್ರಾಂಶದ ಹೆಸರನ್ನು ಅಕ್ಷರ ತಪ್ಪದೆ ಬರೆದು ಹುಡುಕಿದ್ದರು. ನಮ್ಮ ಪುಟ ಅಕ್ಷರಮಾಲೆಯ ಸಾಲಿನಲ್ಲಿ ಜೋಡಿಸಿ ತೋರಿಸುತ್ತಿದ್ದುದರಿಂದ ಅದರ ಬಿಡಿಭಾಗಗಳೆಲ್ಲ ಮೊದಲು ಬಂದು, ಆ ತಂತ್ರಾಂಶ ಎಲ್ಲೋ ಎರಡನೆಯ ಪುಟಕ್ಕೆ ಹೋಗಿ ಕೂತಿತ್ತು. ಅವರು ಬರೆದರು: ಸ್ವಾಮಿ, ಸತ್ಯಮಂಗಲದ ಬಸ್ ಯಾವುದು ಎಂದು ಕೇಳಿದೆ. ನೀವು ನಟ್ಟು, ಬೋಲ್ಟು, ಟೈರು, ವೈಪರು ಎಲ್ಲ ತೋರಿಸಿ, ಬಸ್ ಆಚೆ ಬೀದಿಯಲ್ಲಿದೆ ಹೋಗಿ ನೋಡಿ ಎನ್ನುತ್ತಿದ್ದೀರಿ.

ಈ ಮಾತನ್ನು ನಾನು ನಮ್ಮ ಮೇಲಧಿಕಾರಿ ಗೋಪಾಲನ್ ಸಾರ್ ಮುಂದೆ ಓದಿದೆ. ಅವರು ಮದುರೆ ಕಡೆಯವರು. ಅಚ್ಚುಕಟ್ಟಿನ ಮನುಷ್ಯ. ಮೇಜಿನ ಮೇಲಿನ ಪೆನ್ನು ಓರೆಯಾಗಿದ್ದರೆ ಮಾತು ನಿಲ್ಲಿಸಿ ಅದನ್ನು ನೇರ ಮಾಡಿ ಮುಂದುವರಿಸುತ್ತಿದ್ದರು. ನಮ್ಮ ಪುಟಕ್ಕೆ ಏನೂ ಆಗಿಲ್ಲ, ಜನ ಸರಿಯಾಗಿ ಹುಡುಕುವುದನ್ನು ಕಲಿಯಬೇಕು ಎಂಬುದು ಅವರ ಸಿದ್ಧಾಂತ. ಆದರೂ ಬಸ್ಸಿನ ಮಾತು ಅವರಿಗೆ ನಾಟಿತು. ಯೋಚಿಸಿ, ಹೆಚ್ಚು ಜನ ಒತ್ತಿದ್ದು ಮೊದಲು ಬರಲಿ ಎಂದು ಅಪ್ಪಣೆ ಕೊಟ್ಟರು. ಜನರ ತೀರ್ಪು, ಅದರಲ್ಲಿ ತಪ್ಪಿರುವುದಿಲ್ಲ ಎಂದರು.

ಜನ ಎಂದರೆ ಯಾರು ಎಂದು ಅವರು ಯೋಚಿಸಿರಲಿಲ್ಲ. ನಮ್ಮ ಲಿನಕ್ಸನ್ನು ಹೆಚ್ಚು ಬಳಸುತ್ತಿದ್ದವರು ಶಾಲೆಯ ಮಕ್ಕಳು. ಅವರು ಹೆಚ್ಚು ಒತ್ತಿದ್ದು ಒಂದು ಗೋಲಿ ಆಟ. ಅದು ಮೇಲೇರಿತು. ಮೇಲಿದ್ದುದರಿಂದ ಇನ್ನಷ್ಟು ಜನ ಒತ್ತಿದರು. ಇನ್ನೂ ಮೇಲೇರಿತು. ಕೆಲವೇ ದಿನಗಳಲ್ಲಿ ಯಾರು ಏನು ಹುಡುಕಿದರೂ ಮೊದಲು ಗೋಲಿ. ದೇವಸ್ಥಾನದ ಲೆಕ್ಕದ ತಂತ್ರಾಂಶ ಬೇಕೆಂದರೆ ಗೋಲಿ. ಹಾಲಿನ ಸೊಸೈಟಿಗೆ ಗೋಲಿ. ಇದೇಕೆ ಹೀಗೆ ಮೇಲೆ ಕೂತಿದೆ ಎಂದು ತಿಳಿಯಲು ಗೋಪಾಲನ್ ಸಾರ್ ಬೆಳಗ್ಗೆ ಬಂದ ಕೂಡಲೇ ಅದನ್ನು ಒತ್ತಿ ನೋಡುತ್ತಿದ್ದರು, ಸಂಜೆ ಹೋಗುವಾಗ ಇನ್ನೊಮ್ಮೆ. ನಾನೂ ಸೆಲ್ವಿಯೂ ಪರೀಕ್ಷೆ ಮಾಡುವ ನೆಪದಲ್ಲಿ ಊಟದ ಹೊತ್ತೆಲ್ಲ ಅದನ್ನೇ ಆಡುತ್ತಿದ್ದೆವು. ಕೊನೆಗೆ ಸೆಲ್ವಿ, ಸಾರ್, ಈ ತಿಂಗಳು ಗೋಲಿಯನ್ನು ಮೇಲಕ್ಕೆ ತಳ್ಳಿದವರಲ್ಲಿ ನಮ್ಮ ಆಫೀಸೇ ಮುಂದು ಎಂದು ತೋರಿಸಿದಳು. ಅವರು ಪೆನ್ನು ನೇರ ಮಾಡಿದರು. ಮಾರನೆಯ ದಿನದಿಂದ, ಬರೆದ ಹೆಸರು ಸರಿಯಾಗಿ ಹೊಂದಿದರೆ ಅದೇ ಮೊದಲು ಬರಲಿ ಎಂದಾಯಿತು. ಅಷ್ಟಾದರೂ ಬಿಡಿಭಾಗಗಳ ಕಾಟ ಮಾತ್ರ ತಪ್ಪಲಿಲ್ಲ. ನಿಖರವಾದ ಹೆಸರು ಗೊತ್ತಿಲ್ಲದವನಿಗೆ ನಟ್ಟು ಬೋಲ್ಟೇ ಗತಿ.

ಹೆಸರಿನ ಜತೆಗೆ ವಿವರಣೆಯಲ್ಲೂ ಹುಡುಕಲಿ ಎಂದು ಮಾಡಿದಾಗ ಇನ್ನೊಂದು ತಮಾಷೆ. ಸೇಲಂ ಕಡೆಯ ಒಬ್ಬ ಮಹಾಶಯ ಪರದೆಗೆ ಹಾಕುವ ಹೂವು, ಜಲಪಾತಗಳ ಚಿತ್ರಗಳನ್ನು ಕಟ್ಟಿ ಕಳಿಸಿದ್ದ. ವಿವರಣೆಯಲ್ಲಿ ಆಸ್ಪತ್ರೆ, ಪರೀಕ್ಷೆ, ಪ್ರಿಂಟರ್, ಬ್ಯಾಂಕು, ಕೃಷಿ, ಜಾತಕ, ತಾನು ಕೇಳಿದ ಪದಗಳನ್ನೆಲ್ಲ ತುಂಬಿಬಿಟ್ಟಿದ್ದ. ಯಾರು ಏನು ಕೇಳಿದರೂ ಜಲಪಾತ. ಗೋಪಾಲನ್ ಸಾರ್ ಅವನಿಗೆ ಕಟುವಾಗಿ ಬರೆಯಲು ಹೇಳಿದರು. ನಾನು ಬಹಳ ಮೃದುವಾಗಿ ಬರೆದೆ. ತಾವು ಆಸ್ಪತ್ರೆಗೂ ಪ್ರಿಂಟರಿಗೂ ಸೇವೆ ಕೊಡುತ್ತಿರುವುದು ಸಂತೋಷ, ಇನ್ನು ಮುಂದೆ ಆ ವಿಷಯದ ದೂರುಗಳನ್ನೆಲ್ಲ ನೇರ ತಮಗೇ ಕಳಿಸುತ್ತೇವೆ ಎಂದು. ಹಾಗೇ ಕಳಿಸಿದೆ. ಪ್ರಿಂಟರ್ ಕಾಗದ ಎಳೆಯುತ್ತಿಲ್ಲ ಎಂದವರು, ಎಕ್ಸ್‌ರೇ ತೆರೆಯುತ್ತಿಲ್ಲ ಎಂದವರು, ಜಾತಕದಲ್ಲಿ ಶನಿ ತಪ್ಪಾಗಿ ಬಂದಿದ್ದಾನೆ ಎಂದವರು, ಎಲ್ಲರೂ ಅವನ ಪಾಲಾದರು. ತಿಂಗಳು ತುಂಬುವುದರೊಳಗೆ ಅವನ ವಿವರಣೆಯಲ್ಲಿ ಉಳಿದದ್ದು ಎರಡೇ ಪದ: ಹೂವು, ನೀರು.

ಇಷ್ಟರಲ್ಲಿ ಮನೆಯಿಂದ ಕೆಲಸ ಮಾಡುವ ಕಾಲ ಬಂತು. ನಾನು ದೊಡ್ಡಗಾಜನೂರಿಗೆ ವಾಪಸಾದೆ. ನಮ್ಮ ಕಡೆ ಫೋನು ಒಂದು ಕೋಣೆಯಲ್ಲಿ ತಮಿಳುನಾಡಿನ ಸಿಗ್ನಲ್ ಹಿಡಿದರೆ, ಅಡಿಗೆಮನೆಗೆ ಹೋದಾಗ ಕರ್ನಾಟಕಕ್ಕೆ ಸ್ವಾಗತ ಎನ್ನುತ್ತದೆ. ಆಫೀಸಿನ ಮೀಟಿಂಗಿಗೆ ನಾನು ನಮ್ಮ ಹಟ್ಟಿಯ ಜಗಲಿಯಲ್ಲಿ ಸಿಗ್ನಲ್ ನಿಲ್ಲುವ ಒಂದು ಮೂಲೆ ಗೊತ್ತುಮಾಡಿಕೊಂಡಿದ್ದೆ.

ಆ ಮೂಲೆಗೇ ಒಂದು ದಿನ ಇಲ್ಲಿನ ರೈತರ ಸಂಘದ ಕಾರ್ಯದರ್ಶಿ ಬಂದು ಕೂತರು. ಹೊಲದ ಅಳತೆ ಮಾಡುವ ತಂತ್ರಾಂಶ ನಮ್ಮಲ್ಲಿದೆ ಎಂದು ಕೇಳಿ ಹುಡುಕಿದರಂತೆ, ಏನೂ ಸಿಗಲಿಲ್ಲವಂತೆ. ಏನೆಂದು ಬರೆದಿರಿ ಎಂದೆ. 'ಒಲ' ಎಂದು ಬರೆದಿದ್ದರು. ನಮ್ಮ ಬೆಟ್ಟದ ಮೇಲೆ ಹಕಾರ ಯಾರ ಬಾಯಲ್ಲಿದೆ? ಅಳ್ಳಿ, ಒಲ, ಆಲು, ಉಲ್ಲು. ಕಾಗದದಲ್ಲಿ ಸರಿಯಾಗಿ ಬರೆಯುವವರು ಕೂಡ ಫೋನಿನಲ್ಲಿ ಬಾಯಲ್ಲಿ ಆಡಿದಂತೆಯೇ ಒತ್ತುತ್ತಾರೆ. ನಿಮ್ಮ ಕಂಪ್ಯೂಟ್ರು ನಮ್ಮ ಮಾತ್ಗೆ ಕಿವುಡು ಕಣಕ್ಕ ಎಂದು ಹೇಳಿ ಅವರು ಕಾಫಿ ಕುಡಿದು ಹೋದರು.

ಕಿವುಡು ಎಂದದ್ದು ನನ್ನನ್ನು ಕೆಣಕಿತು. ಸೆಲ್ವಿಗೆ ಹೇಳಿದೆ. ಅವಳಿಗೆ ಕನ್ನಡ ಬಾರದು, ಆದರೆ ವಿಷಯ ಹಿಡಿಯುವುದು ಬೇಗ. ಹಕಾರ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ಪುಟಕ್ಕೆ ಕಲಿಸಿಬಿಟ್ಟಳು. ಒಲ ಎಂದರೆ ಹೊಲ ಬಂತು. ಗೋಪಾಲನ್ ಸಾರ್ ಹಿಗ್ಗಿದರು. ಬೆಟ್ಟದ ಜನರ ನಾಲಿಗೆಗೆ ತಕ್ಕ ಹುಡುಕಾಟ ಎಂದು ಚೆನ್ನೈನ ದೊಡ್ಡ ಸಭೆಯೊಂದರಲ್ಲಿ ಭಾಷಣವನ್ನೂ ಮಾಡಿ ಬಂದರು.

ಅವರು ಭಾಷಣ ಮಾಡಿ ಬಂದ ವಾರವೇ ತಾಳಮಲೆ ಕಡೆಯ ಅರಣ್ಯ ಕಚೇರಿಯಿಂದ ದೂರು ಬಂತು. ಕಾಡಿನ ಹಕ್ಕಿಗಳನ್ನು ಗುರುತಿಸುವ ಒಂದು ತಂತ್ರಾಂಶ ನಮ್ಮಲ್ಲಿತ್ತು. ಅವರು 'ಹಕ್ಕಿ' ಎಂದು ಹುಡುಕಿದ್ದಾರೆ. ಬಂದದ್ದು ಪಡಿತರದ ಅಕ್ಕಿಯ ದಾಸ್ತಾನು. ಅರಣ್ಯದವರು ಒಂದು ಸಾಲು ಬರೆದು ಸುಮ್ಮನಾದರು. ಅತ್ತ ಒಂದು ಪಡಿತರ ಅಂಗಡಿಯವರಿಗೆ 'ಅಕ್ಕಿ' ಎಂದರೆ ಹಕ್ಕಿ ಸಿಕ್ಕಿತ್ತು. ಅವರು ನೋಡದೆ ಅದನ್ನೇ ಹಾಕಿಕೊಂಡುಬಿಟ್ಟಿದ್ದಾರೆ. ಆ ತಂತ್ರಾಂಶ ತೆರೆದ ಕೂಡಲೇ ನವಿಲು ಕೂಗುತ್ತದೆ. ಅಂಗಡಿಯವರು ಅಕ್ಕಿ ಅಳೆಯಲು ಕೂತು ಕಂಪ್ಯೂಟರ್ ಒತ್ತಿದರೆ ನವಿಲು. ಸಾಲಿನಲ್ಲಿ ಚೀಲ ಹಿಡಿದು ನಿಂತ ಹೆಂಗಸರು ನಕ್ಕು ನಕ್ಕು ಕೂತುಬಿಟ್ಟರಂತೆ. ಹಾಡು ಕೇಳಲು ಹುಡುಕಿದವರಿಗೆ ಆಡು ಸಾಕುವ ಕೈಪಿಡಿ ಸಿಕ್ಕಿದ್ದೂ ಆಮೇಲೆ ತಿಳಿಯಿತು.

ಸುದ್ದಿ ಚೆನ್ನೈ ಮುಟ್ಟಿತು. ಮುಂದಿನ ಸಭೆಯಲ್ಲಿ ಒಬ್ಬ ದೊಡ್ಡ ಅಧಿಕಾರಿ ಗೋಪಾಲನ್ ಸಾರ್ ಒಳಗೆ ಬಂದ ಕೂಡಲೇ ನವಿಲಿನ ಹಾಗೆ ಕೂಗಿದರಂತೆ. ಸಾರ್ ಕೊಯಮತ್ತೂರಿಗೆ ಬಂದವರೇ ಆ ನಿಯಮ ತೆಗೆಸಿದರು. ಅದರ ಬದಲು ಬೇರೆ ಕಡೆ ಸಿದ್ಧವಾಗಿ ಸಿಗುತ್ತಿದ್ದ ಒಂದು ಯಂತ್ರಾಂಗವನ್ನು ತಂದು ಕೂರಿಸಿದರು. ನೀವು ಬರೆದ ಪದ ಸಿಗದಿದ್ದರೆ ಅಕ್ಷರದಲ್ಲಿ ಅದಕ್ಕೆ ಹತ್ತಿರದ ಪದ ಹುಡುಕಿ, 'ನೀವು ಹುಡುಕುತ್ತಿರುವುದು ಇದನ್ನೇ?' ಎಂದು ಅದು ಮರ್ಯಾದೆಯಿಂದ ಕೇಳುತ್ತದೆ. ಇನ್ನು ಮುಂದಿನ ಆವೃತ್ತಿ ಬರುವವರೆಗೆ ಹುಡುಕಾಟದ ತಂಟೆಗೆ ಯಾರೂ ಹೋಗಕೂಡದು, ಮುಖ್ಯವಾಗಿ ನಾಗಮಣಿ ಮೇಡಂ ಹೋಗಕೂಡದು ಎಂದು ಅಪ್ಪಣೆಯಾಯಿತು. ನಾಗಮಣಿ ಎಂದರೆ ನಾನೇ.

ಹೀಗೆ ನನ್ನ ಕೈ ಕಟ್ಟಿದ್ದಾಗಲೇ ನನ್ನ ನೌಕರಿಯಲ್ಲೆಲ್ಲ ಅತಿ ಚಂದದ ದೂರು ಬಂದದ್ದು.

"ಮಾನ್ಯರೆ, ನಿಮ್ಮಲ್ಲಿ ದನಿ ಕೇಳಿದೆ. ದನ ಕೊಟ್ಟಿದ್ದೀರಿ. ನಮ್ಮ ಮನೆಯಲ್ಲಿ ಆಗಲೇ ಇವೆ, ಇದನ್ನು ಕಟ್ಟಲು ಕೊಟ್ಟಿಗೆಯಲ್ಲಿ ಜಾಗವಿಲ್ಲ. ದಯವಿಟ್ಟು ವಾಪಸು ತೆಗೆದುಕೊಂಡು ದನಿ ಕಳಿಸಿ. ಇಂತಿ, ರತ್ನಮ್ಮ, ಕನ್ನಡ ಟೀಚರ್."

ನೋಡಿದೆ. ನಿಜ. ಕನ್ನಡವನ್ನು ಓದಿ ಹೇಳುವ ಧ್ವನಿಯ ಪ್ಯಾಕೇಜು ನಮ್ಮಲ್ಲಿತ್ತು. ಅದರ ಹೆಸರು ಯಾರಿಗೂ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಗೊಂಚಲು. ವಿವರಣೆಯಲ್ಲಿ 'ಧ್ವನಿ' ಎಂದಿತ್ತು, ಮಹಾಪ್ರಾಣ, ಒತ್ತು ಎಲ್ಲ ಸೇರಿ. ರತ್ನಮ್ಮ ಹುಡುಕಿದ್ದು 'ದನಿ'. ಹೊಸ ಯಂತ್ರಾಂಗಕ್ಕೆ ಧ್ವನಿ ದೂರ, ದನ ಹತ್ತಿರ. ಒಂದೇ ಗುಡಿಸಿನ ವ್ಯತ್ಯಾಸ. ನೀವು ಹುಡುಕುತ್ತಿರುವುದು ದನವೇ ಎಂದು ಕೇಳಿ, ಪಶುವೈದ್ಯರ ತಂತ್ರಾಂಶವನ್ನು ಮುಂದಿಟ್ಟಿತ್ತು.

ಅವರ ಶಾಲೆ ನಮ್ಮೂರಿಗೆ ದೂರವೇನಲ್ಲ. ಫೋನ್ ಮಾಡದೆ ನೇರ ಹೋದೆ. ರತ್ನಮ್ಮನಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತು. ಮಕ್ಕಳನ್ನು ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿದು ಹೆಸರು ಹೇಳಿ ಕರೆಯುತ್ತಿದ್ದರು. ಫೋನಿನಲ್ಲಿ ಅವರಿಗೆ ಕನ್ನಡ ಓದಿ ಹೇಳುವ ಧ್ವನಿ ಇತ್ತು, ನಮ್ಮ ತಾಣವನ್ನೂ ಅದರಲ್ಲೇ ನೋಡಿದ್ದರು. ಶಾಲೆಯ ಕಂಪ್ಯೂಟರಿನಲ್ಲಿ ಇದ್ದದ್ದು ಇಂಗ್ಲಿಷ್ ಧ್ವನಿ. ಅದು ಕನ್ನಡ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ನಾನು ಪ್ಯಾಕೇಜಿನ ಹೆಸರು ಹೇಳಿಕೊಟ್ಟೆ, ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಆ ವರ್ಷದಿಂದ ಮಕ್ಕಳ ಅಂಕಗಳನ್ನು ಆಯಾ ಟೀಚರೇ ಕಂಪ್ಯೂಟರಿನಲ್ಲಿ ತುಂಬಬೇಕಾಗಿತ್ತು. ಹೆಡ್ಮಾಸ್ಟರು ಕೆಟ್ಟವರಲ್ಲ, ಗಾಬರಿಯ ಮನುಷ್ಯ. ರತ್ನಮ್ಮ ತುಂಬಿ ಎಲ್ಲಾದರೂ ತಪ್ಪಾದರೆ ತನ್ನ ತಲೆಗೆ ಬರುತ್ತದೆ ಎಂದು ಹೆದರಿದರು. ತಾವೇ ನಮ್ಮ ತಾಣದಲ್ಲಿ 'ದನಿ' ಎಂದು ಹುಡುಕಿ, 'ಸಿಗಲಿಲ್ಲ, ದನವೇ?' ಎಂದು ಬಂದದ್ದನ್ನು ಮೇಲಿನವರಿಗೆ ತಿಳಿಸಿ, ಈ ಕಂಪ್ಯೂಟರಿಗೆ ಕನ್ನಡದ ದನಿಯೇ ಇಲ್ಲ, ಆದ್ದರಿಂದ ರತ್ನಮ್ಮ ಟೀಚರನ್ನು ಪಾಠದಿಂದ ಬಿಡಿಸಿ ಪುಸ್ತಕದ ಗೋದಾಮಿಗೆ ಹಾಕಬೇಕು ಎಂದು ಕೋರಿದ್ದರು. ಬ್ಲಾಕಿನ ಶಿಕ್ಷಣ ಅಧಿಕಾರಿ ತಾವೇ ಬಂದು ನೋಡುವುದಾಗಿ ಹೇಳಿದ್ದರು. ತಾಣದಲ್ಲಿ ತಮಗೆ ಸಿಕ್ಕರೆ ಸರಿ. ಸಿಗದ ತಂತ್ರಾಂಶವನ್ನು ಅಂಕ ತುಂಬುವ ಕಂಪ್ಯೂಟರಿಗೆ ಹಾಕಲು ಬಿಡುವುದಿಲ್ಲ ಎಂದಿದ್ದರು.

ನಮ್ಮ ಪುಟ 'ಸಿಗಲಿಲ್ಲ' ಎಂದದ್ದನ್ನು ಲೋಕ 'ಇಲ್ಲವೇ ಇಲ್ಲ' ಎಂದು ಓದಿಕೊಂಡಿತ್ತು. ಒಬ್ಬ ಟೀಚರಿನ ಪಾಠ ನಮ್ಮ ಖಾಲಿ ಚೌಕದಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಅಧಿಕಾರಿಗೆ ನಾನೇ ಹೇಳುತ್ತೇನೆ, ಪ್ಯಾಕೇಜಿನ ಸರಿಯಾದ ಹೆಸರು ಕೊಡುತ್ತೇನೆ ಎಂದೆ. ರತ್ನಮ್ಮ ತಲೆಯಾಡಿಸಿದರು.

"ನನ್ಗೆ ನೀವು ಏಳ್ಕೊಟ್ರಿ ನಾಗಮಣಕ್ಕ. ನೀವು ನಮ್ಮೂರ್ ಕಡೆಯೋರು, ಬಂದ್ರಿ. ಇನ್ನೆಲ್ಲೋ ನನ್ನಂಗೆ ಒಬ್ಬಳು ದನಿ ಅಂತ ಒತ್ತಿ, ದನ ಅನ್ನಿಸ್ಕೊಂಡು ಸುಮ್ನೆ ಕೂತವಳೆ. ಅವಳ್ಗೆ ಯಾರು ಏಳೋರು? ದನಿ ಅಂದ್ರೆ ದನಿ ಬರ್ಬೇಕು. ಅಷ್ಟು ಮಾಡ್ಕೊಡಿ."

ಗೋಪಾಲನ್ ಸಾರಿಗೆ ಫೋನ್ ಮಾಡಿದೆ. ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದರು. ಮತ್ತೆ ಮಾಡಿದೆ. ನವಿಲು ನೆನಪಿದೆಯಾ ಎಂದರು. ಬಹಳ ಹೊತ್ತು ಯೋಚಿಸಿದೆ. ಆ ದಿನಗಳಲ್ಲಿ ತಾಳವಾಡಿಯ ಶಾಲೆಗಳಿಗೆ ಲಿನಕ್ಸ್ ತರಬೇತಿ ಕೊಡಬೇಕೆಂಬ ಮಾತು ನಡೆಯುತ್ತಿತ್ತು. ನಾನು ಬೆಟ್ಟದ ತಂಪು ಗಾಳಿಯನ್ನು ಬಣ್ಣಿಸಿ, ರಾಗಿಮುದ್ದೆ ಅವರೆಕಾಳಿನ ಸಾರನ್ನು ಬಣ್ಣಿಸಿ, ತರಬೇತಿಗೆ ನೀವೇ ಬಂದರೆ ಶೋಭೆ ಎಂದೆ. ಒಪ್ಪಿದರು. ತರಬೇತಿಯ ಜಾಗ ಯಾವ ಶಾಲೆ ಎಂದು ನಾನು ಆರಿಸಿದೆ, ನಿಮಗೆ ಗೊತ್ತೇ ಆಗಿರಬೇಕು.

ಸತ್ಯಮಂಗಲಕ್ಕೆ ಹೋಗಿ ಅವರನ್ನು ಎದುರುಗೊಂಡು ತಾಳವಾಡಿ ಬಸ್ ಹತ್ತಿಸಿದೆ. ನೋಟ ಚೆನ್ನಾಗಿ ಕಾಣುತ್ತದೆ ಎಂದು ಅವರಿಗೆ ಕೊನೆಯ ಸೀಟು ಹಿಡಿದುಕೊಟ್ಟೆ. ನಾನು ಡ್ರೈವರ್ ಹಿಂದೆ ಕೂತೆ. ದಿಂಬಂ ಘಾಟಿಯ ತಿರುವುಗಳಲ್ಲಿ ಕೊನೆಯ ಸೀಟು ಏನು ಮಾಡುತ್ತದೆ ಎಂದು ಆ ದಾರಿಯಲ್ಲಿ ಓಡಾಡುವವರೆಲ್ಲ ಬಲ್ಲರು. ಎದುರಿಗೆ ಕಬ್ಬಿನ ಲಾರಿ ಬಂದಾಗ ನಮ್ಮ ಬಸ್ ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಂತು. ಮೇಲೆ ಹತ್ತಿದ ಮೇಲೆ ತಿರುಗಿ ನೋಡಿದೆ. ಸಾರ್ ಎರಡು ಕೈಯಲ್ಲೂ ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು, ಅವರಿಗೆ ಅದರ ಪರಿವೆ ಕೂಡ ಇರಲಿಲ್ಲ.

ಶಾಲೆ ತಲುಪಿದಾಗ ಕಣ್ಣು ಬಿಟ್ಟರೆ ಛಾವಣಿ ತಿರುಗುತ್ತದೆ ಎಂದರು. ಟೀಚರುಗಳ ಕೋಣೆಯ ಬೆಂಚಿನ ಮೇಲೆ ಮಲಗಿಸಿದೆವು. ರತ್ನಮ್ಮ ನಿಂಬೆಹಣ್ಣು ತಂದು ಮೂಸಲು ಕೊಟ್ಟರು. ತಮಿಳಿನಲ್ಲಿ ಅವರನ್ನು ಮಾತಾಡಿಸಿ, ಸಾರ್, ನೀವು ಕಣ್ಣು ಬಿಡೋದೇ ಬೇಡ, ನಿಮ್ಮ ತಾಣವನ್ನು ನಾನು ಹೆಂಗೆ ನೋಡ್ತೀನಿ ಅಂತ ಸ್ವಲ್ಪ ಕೇಳಿ ಅಂದರು. ಫೋನನ್ನು ಅವರ ಕಿವಿಯ ಪಕ್ಕದಲ್ಲಿಟ್ಟು ನಮ್ಮ ಕನ್ನಡದ ಪುಟ ತೆರೆದು, ದನಿ ಎಂದು ಹುಡುಕಿದರು.

ಒಂದು ವಿಷಯ ಹೇಳಬೇಕು. ಗೋಪಾಲನ್ ಸಾರಿಗೆ ಕನ್ನಡ ಓದಲು ಬಾರದು. ಆದರೆ ನನ್ನ ಜತೆ ಅಷ್ಟು ವರ್ಷ ಇದ್ದು, ಕೇಳಿದರೆ ಅರ್ಥವಾಗುತ್ತಿತ್ತು. ತಮ್ಮದೇ ಕನ್ನಡದ ಪುಟ ಏನು ಹೇಳುತ್ತದೆ ಎಂದು ಅವರು ಮೊದಲ ಸಲ ಕೇಳಿಸಿಕೊಂಡದ್ದು ಆ ಬೆಂಚಿನ ಮೇಲೆ.

ಮುಖಪುಟ, ಕೊಂಡಿ. ಇಳಿಸಿಕೊಳ್ಳಿ, ಕೊಂಡಿ. ನಮ್ಮ ಬಗ್ಗೆ, ಕೊಂಡಿ. ಸಹಾಯ, ಕೊಂಡಿ. ಒತ್ತಿದರೆ ಬೇರೆ ಪುಟ ತೆರೆಯುವ ಕಡೆಯೆಲ್ಲ ಕೊಂಡಿ ಎನ್ನುತ್ತ ಧ್ವನಿ ಓದುತ್ತಲೇ ಹೋಯಿತು. ಪುಟದ ಬದಿಯ ಸುದ್ದಿಗಳನ್ನೆಲ್ಲ ಓದಿತು. ಗೋಲಿ ಆಟದ ಹೊಸ ಆವೃತ್ತಿ ಬಂದದ್ದನ್ನು ಓದಿತು. ಆಮೇಲೆ, ದನಿ ಸಿಗಲಿಲ್ಲ, ನೀವು ಹುಡುಕುತ್ತಿರುವುದು ದನವೇ? ಅದಾದ ಮೇಲೆ ದನದ ತಂತ್ರಾಂಶದ ಬಿಡಿಭಾಗಗಳು, ಒಂದೊಂದರ ಹೆಸರೂ ಅಕ್ಷರ ಅಕ್ಷರವಾಗಿ. ಎಲ್, ಐ, ಬಿ, ಅಡ್ಡಗೆರೆ. ಎಲ್, ಐ, ಬಿ, ಅಡ್ಡಗೆರೆ. ಸಾರ್ ಕೈ ಎತ್ತಿ ಸಾಕು ನಿಲ್ಲಿಸಿ ಎಂದರು. ರತ್ನಮ್ಮ ಪರದೆಯನ್ನು ಒಂದು ಸಲ ಮುಟ್ಟಿದ್ದರೆ ನಿಲ್ಲುತ್ತಿತ್ತು. ಮುಟ್ಟಲಿಲ್ಲ. ಇಷ್ಟು ಕೇಳಿದ ಮೇಲೇ, ಸಾರ್, ನಾವು ದಿನಾ ಮುಂದಕ್ಕೆ ಹೋಗೋದು ಎಂದು ಬಹಳ ವಿನಯದಿಂದ ಹೇಳಿದರು. ಎಲ್, ಐ, ಬಿ ಮುಂದುವರಿಯಿತು.

"ನನಗೆ ಬೇಕಾದ್ದು ಎಷ್ಟು ಹೊತ್ತಿಗೆ ಬರುತ್ತೆ?" ಎಂದು ಸಾರ್ ಕೇಳಿದರು.

"ಬರೋದಿಲ್ಲ ಸಾರ್" ಎಂದರು ರತ್ನಮ್ಮ.

ಮಲಗಿದ್ದಲ್ಲೇ ಸಾರ್ ಹೊಟ್ಟೆ ಕುಲುಕತೊಡಗಿತು. ವಾಂತಿ ಬಂತೆಂದು ನಾನು ಬಕೆಟ್ ತರಲು ಓಡಿದೆ. ಅವರು ನಗುತ್ತಿದ್ದರು. ದನವೇ, ದನವೇ ಎಂದು ಯಂತ್ರದ ರಾಗದಲ್ಲೇ ಹೇಳಿಕೊಂಡು ನಗುತ್ತಿದ್ದರು. ನಗು ನಿಂತ ಮೇಲೆ ಕಣ್ಣು ಮುಚ್ಚಿಕೊಂಡೇ ನನ್ನ ಫೋನ್ ಕೇಳಿ ಸೆಲ್ವಿಯನ್ನು ಕರೆದರು. ಹುಡುಕಾಟಕ್ಕೆ ಹಾಕಿದ ಬೀಗ ತೆಗೆಯಲು ಹೇಳಿದರು. ಒಂದು ಷರತ್ತು ಹಾಕಿದರು: ಏನು ಬದಲಾಯಿಸಿದರೂ ಮೊದಲು ಈ ಟೀಚರ್ ಕೇಳಿಸಿಕೊಂಡು ಒಪ್ಪಬೇಕು.

ಸೆಲ್ವಿ ಮೊದಲಿಗೆ, ಹುಡುಕಿದಾಗ ಬರುವ ಉತ್ತರಗಳನ್ನು ಪುಟದ ತಲೆಗೆ ತಂದಳು. ಬಿಡಿಭಾಗಗಳನ್ನು ಒಂದು ಕೊಂಡಿಯ ಹಿಂದೆ ಅಡಗಿಸಿದಳು, ಬೇಕಾದವರು ಒತ್ತಿ ನೋಡಲಿ ಎಂದು. ಪದಗಳ ಕೆಲಸ ನನಗೂ ರತ್ನಮ್ಮನಿಗೂ ಬಿತ್ತು. ಎಲ್ಲ ಹಕಾರವನ್ನೂ ಒಂದೇ ಏಟಿಗೆ ಹಾರಿಸುವ ದೊಡ್ಡ ನಿಯಮದ ಸಹವಾಸ ಬೇಡ ಎಂದುಕೊಂಡು, ಜನ ಆಡುವ ಒಂದೊಂದೇ ಪದವನ್ನು ಅದರ ನೆಂಟರ ಜತೆ ಕೂರಿಸಿದೆವು. ದನಿ, ಧ್ವನಿ, ಸ್ವರ, ಕೊರಲು ಒಂದು ಮನೆ. ಒಲ, ಹೊಲ, ಜಮೀನು ಒಂದು ಮನೆ. ಹಕ್ಕಿಯನ್ನೂ ಅಕ್ಕಿಯನ್ನೂ ಬೇರೆ ಬೇರೆ ಬೀದಿಗೆ ಹಾಕಿದೆವು. ರತ್ನಮ್ಮ ಪರೀಕ್ಷೆ ಮಾಡುವಾಗ ಬೇಕೆಂದೇ ಕಾಡುತ್ತಿದ್ದರು. ದನ ಎಂದರೆ ಪಾಪ ದನವೇ ಬರಬೇಕು, ದನಿ ಬಂದರೆ ಪಶುವೈದ್ಯರು ಬಂದು ನನ್ನನ್ನು ಬೈತಾರೆ ಎನ್ನುತ್ತಿದ್ದರು. ಆ ದಿನಗಳಲ್ಲಿ ನಾವಿಬ್ಬರೂ ನಕ್ಕಷ್ಟು ನಾನು ನೌಕರಿಯಲ್ಲಿ ಇನ್ನೆಂದೂ ನಕ್ಕಿಲ್ಲ. ಗೋದಾಮಿನಲ್ಲಿ ಹೆಜ್ಜೆ ಸಪ್ಪಳ ಇರಲ್ಲ ಕಣಕ್ಕ ಎಂದರು ನಡುವೆ ಒಂದು ಸಲ.

ಅಧಿಕಾರಿ ಬಂದ ದಿನ ನಾನೂ ಶಾಲೆಯಲ್ಲಿದ್ದೆ. ಅವರು ಯಾರ ಹತ್ತಿರವೂ ಮಾತಾಡದೆ ನೇರ ಹೋಗಿ ಕಂಪ್ಯೂಟರಿನ ಮುಂದೆ ಕೂತರು. ನಮ್ಮ ತಾಣ ತೆರೆದು ಒಂದೊಂದೇ ಬೆರಳಿನಲ್ಲಿ ದ, ನಿ ಎಂದು ಒತ್ತಿದರು. ಮೊದಲನೆಯದಾಗಿ, ಕನ್ನಡ ಓದಿ ಹೇಳುವ ಧ್ವನಿ ಎಂದು ಬಂತು. ಹೆಡ್ಮಾಸ್ಟರು ಬಗ್ಗಿ ನೋಡಿ, ಅವತ್ತು ದನ ಬಂದಿತ್ತು ಸಾರ್ ಎಂದರು. ಅಧಿಕಾರಿ ಅವರ ಮುಖವನ್ನೇ ನೋಡಿದರು.

ಧ್ವನಿಯನ್ನು ಹಾಕಿಕೊಂಡದ್ದಾಯಿತು. ರತ್ನಮ್ಮ ಕೂತರು. ತಮಗೆ ಬೇಕಾದ ಹಾಗೆ ಏನೇನೋ ಒತ್ತಿ ಸಿದ್ಧಮಾಡಿಕೊಂಡು ಅಂಕ ತುಂಬತೊಡಗಿದರು. ಕಂಪ್ಯೂಟರಿನಿಂದ ಮಿಕ್ಸಿಯಲ್ಲಿ ಕಡಲೆ ಹಾಕಿ ತಿರುಗಿಸಿದಂಥ ಒಂದು ಸದ್ದು ಹೊರಟಿತು. ಒಂದು ಅಕ್ಷರ ಕೂಡ ಯಾರಿಗೂ ತಿಳಿಯಲಿಲ್ಲ. ಅಧಿಕಾರಿ, ಇದು ಕೆಟ್ಟಿದೆ ಎಂದರು. ಹೆಡ್ಮಾಸ್ಟರು ಪ್ಲಗ್ ಕೀಳಲು ಹೋದರು. ಇಷ್ಟೆಲ್ಲ ಮಾಡಿ ಕೊನೆಗೆ ಇದು ಇಲ್ಲಿ ಬಂದು ಮುಗ್ಗರಿಸಿತಲ್ಲ ಎಂದುಕೊಂಡೆ.

ರತ್ನಮ್ಮ ಕೈ ನಿಲ್ಲಿಸದೆ ಹೇಳಿದರು. "ಕೆಟ್ಟಿಲ್ಲ ಸಾರ್. ನಾನು ದಿನಾ ಕೇಳೋದು ಇಷ್ಟು ಬೇಗ. ನಿಮಗೋಸ್ಕರ ನಿಧಾನ ಮಾಡ್ತೀನಿ, ಇರಿ."

ನಿಧಾನ ಮಾಡಿದರು. ಮಿಕ್ಸಿಯ ಸದ್ದಿನೊಳಗಿಂದ ಸ್ಪಷ್ಟವಾದ ಕನ್ನಡ ಹೊರಗೆ ಬಂತು, ಒಂದೊಂದು ಮಗುವಿನ ಹೆಸರು, ಅದರ ಅಂಕ. ಅಧಿಕಾರಿ ಕುರ್ಚಿ ಹತ್ತಿರ ಎಳೆದುಕೊಂಡರು. ಸ್ವಲ್ಪ ಬೇಗ ಮಾಡಿ ಎಂದರು. ಇನ್ನೂ ಸ್ವಲ್ಪ. ಇನ್ನೂ. ಒಂದು ಹಂತದಲ್ಲಿ ಕೈ ಎತ್ತಿ, ನನಗೆ ಇಲ್ಲಿಗೆ ಸಾಕು ಎಂದರು. ಅಲ್ಲಿಂದ ಮುಂದಿನ ವೇಗಕ್ಕೆ ರತ್ನಮ್ಮ ಒಬ್ಬರೇ ಹೋದರು. ಎಲ್ಲ ತುಂಬಿ ಮುಗಿಸಿ ಎದ್ದು, ಮಕ್ಕಳು ಕಾಯ್ತಾ ಅವ್ರೆ ಸಾರ್ ಎಂದು ತರಗತಿಗೆ ಹೊರಟರು. ಗೋದಾಮಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಅದಾದ ಕೆಲವು ತಿಂಗಳಿಗೆ ನನ್ನ ನಿವೃತ್ತಿ. ಕೊನೆಯ ದಿನ ಕೊಯಮತ್ತೂರಿಗೆ ಹೋಗಿ ಮೇಜು ಖಾಲಿ ಮಾಡುತ್ತಿದ್ದೆ. ಒಂದು ದೂರು ಬಂತು. ಬರೆದವರು ಆ ಹೆಡ್ಮಾಸ್ಟರು. ರತ್ನಮ್ಮ ಟೀಚರ ತರಗತಿಯ ಮಕ್ಕಳೆಲ್ಲ ಈಗ ಪಾಠವನ್ನು ಆ ಯಂತ್ರದ ವೇಗದಲ್ಲೇ ಓದುತ್ತಾರೆ, ಮಗ್ಗಿಯನ್ನೂ ಹಾಗೇ ಹೇಳುತ್ತಾರೆ, ಯಾರು ಏನು ಹೇಳಿದರು ಎಂದು ತಮಗೆ ತಿಳಿಯುತ್ತಿಲ್ಲ ಎಂಬುದು ಅವರ ಅಳಲು. ಯಂತ್ರವನ್ನು ನಿಧಾನ ಮಾಡುವ ಉಪಾಯ ನಮ್ಮ ತಾಣದಲ್ಲಿ ಏನಾದರೂ ಇದೆಯೇ ಎಂದು 'ನಿಧಾನ' ಎಂದು ಹುಡುಕಿದರಂತೆ. ನಮ್ಮ ಪುಟ ಮರಣ ನೋಂದಣಿಯ ತಂತ್ರಾಂಶವನ್ನು ಮುಂದಿಟ್ಟು, ನೀವು ಹುಡುಕುತ್ತಿರುವುದು ನಿಧನವೇ ಎಂದು ಕೇಳಿತಂತೆ.

"ಅಲ್ಲ ಎಂದು ಒತ್ತಿದ್ದೇನೆ" ಎಂದು ಅವರು ಬರೆದಿದ್ದರು. "ನನ್ನ ಸರ್ವಿಸ್ ಇನ್ನೂ ಬಾಕಿ ಇದೆ ಎಂದು ದಯವಿಟ್ಟು ನಿಮ್ಮ ಪುಟಕ್ಕೆ ತಿಳಿಸಿ."

ನಾನು ಅದನ್ನು ಒಂದು ಪದವೂ ಸೋಸದೆ ಸೆಲ್ವಿಗೆ ಓದಿ ಹೇಳಿ, ಬ್ಯಾಗ್ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ.